ಬಾಗೇವಾಡಿಯಲ್ಲಿ ಕೂಡಿಬಂದದ್ದು

ನಮ್ಮ ಅಡುಗೆಮನೆಯಲ್ಲಿ ಹಂಚು ನಗುತ್ತಿತ್ತು. ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಒಲೆಯಿಂದ ಇಳಿಸಿ ಗೋಡೆಗೆ ಆನಿಸಿಟ್ಟಾಗ ಅದರ ತಳದ ಮಸಿಯಲ್ಲಿ ಒಮ್ಮೊಮ್ಮೆ ಸಣ್ಣ ಕಿಡಿಗಳು ಓಡಾಡಿ ಆರುತ್ತವೆ. ಅದನ್ನೇ ಆಯಿ, ಎಂದರೆ ಅಪ್ಪನ ತಾಯಿ, ನಗು ಎನ್ನುತ್ತಿದ್ದಳು. ಹಂಚು ನಕ್ಕರೆ ಮನೆಗೆ ಯಾರೋ ಬರುತ್ತಾರೆ ಎಂದು ಅರ್ಥ. ಇಳಿಸಿದ ಹಂಚನ್ನು ಆಕೆ ಮತ್ತೆ ಒಲೆಗೇರಿಸಿ, ಎತ್ತಿಟ್ಟ ಹಿಟ್ಟನ್ನು ಮತ್ತೆ ನಾದಿ, ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಬೇಸಿಗೆಯಲ್ಲೂ ಇದು ತಪ್ಪುತ್ತಿರಲಿಲ್ಲ. ಯಾರಾದರೂ ಬಂದೇ ಬರುತ್ತಿದ್ದರು. ತಹಶೀಲ್ದಾರ ಕಚೇರಿಗೆ ಹೊಲದ ಉತಾರ ತೆಗೆಸಲು ಬಂದ ಹಳ್ಳಿಯ ನೆಂಟರು, ದವಾಖಾನೆಗೆ ಬಂದು ಡಾಕ್ಟರು ಸಿಗದೆ ಕೂತವರು, ಲಿಂಬೆಕಾಯಿ ಚೀಲ ಇಳಿಸಿ ಮರಳುವ ಟೆಂಪೊ ಕಾಯುವವರು. ಇಂಡಿ ಊರಿನ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆ ಕೂಗಳತೆಯಲ್ಲಿತ್ತು. ಅಪ್ಪ ಕಚೇರಿಯಲ್ಲಿ ಗುಮಾಸ್ತ, ಮಧ್ಯಾಹ್ನ ಊಟಕ್ಕೆ ಬಂದಾಗ ತಾಯಿಯನ್ನು ಕೆಣಕದೆ ಕೈ ತೊಳೆಯುತ್ತಿರಲಿಲ್ಲ.

"ಯವ್ವಾ, ಹಂಚು ನಕ್ಕರ ಮಸಿ ಉರಿತೈತಿ, ಅಷ್ಟ."

"ನೀ ನಕ್ಕರ ಏನ್ ಉರಿತೈತೋ ನೋಡೂಣು ಅಂದ್ರ, ಮೂರು ವರ್ಷಾತು, ನೀ ನಕ್ಕಿದ್ದ ನೋಡಿಲ್ಲ."

ಅವ್ವ ಇಬ್ಬರ ನಡುವೆಯೂ ಬರುತ್ತಿರಲಿಲ್ಲ. ಪಲ್ಯ ಬಡಿಸುತ್ತ ನನಗಷ್ಟೇ ಕೇಳುವಂತೆ ಒಮ್ಮೆ ಹೇಳಿದ್ದಳು:

"ಈ ಮನ್ಯಾಗ ದಿನಾ ಎರಡು ರೊಟ್ಟಿ ಜಾಸ್ತಿ ಇರ್ತಾವಂತ ಇಡೀ ತಾಲೂಕಿಗೆ ಗೊತ್ತೈತಿ. ಅದು ಹಂಚಿಗೆ ಗೊತ್ತಾಗೂದು ಏನ್ ದೊಡ್ಡದು?"

ಇದನ್ನು ಅವ್ವ ಹೇಳಿದಳೋ, ದೊಡ್ಡವಳಾದ ಮೇಲೆ ನಾನೇ ಯೋಚಿಸಿ ಅವಳ ಬಾಯಲ್ಲಿಟ್ಟೆನೋ ಈಗ ಖಚಿತವಿಲ್ಲ. ಅವ್ವನ ಮಾತಿನ ಧಾಟಿ ಮಾತ್ರ ಅದೇ.

ಆಯಿಯ ಲೋಕದಲ್ಲಿ ಯಾವುದೂ ಒಂಟಿಯಾಗಿ ನಡೆಯುತ್ತಿರಲಿಲ್ಲ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ಖರೆ. ಬಿಕ್ಕಳಿಕೆ ಬಂದರೆ ಯಾರೋ ನೆನೆದಿದ್ದಾರೆ, ಒಬ್ಬೊಬ್ಬರ ಹೆಸರು ಹೇಳುತ್ತ ಹೋಗಬೇಕು, ಯಾರ ಹೆಸರಿಗೆ ನಿಲ್ಲುತ್ತದೋ ಅವರೇ ನೆನೆದವರು. ನನಗೆ ಆಗ ಹನ್ನೊಂದು ವರ್ಷ. ಶಾಲೆಯ ಹಳೆಯ ವಹಿಯೊಂದರ ಹಿಂದಿನ ಹಾಳೆಗಳಲ್ಲಿ ನಾನು ಇವನ್ನೆಲ್ಲ ಬರೆದಿಡತೊಡಗಿದೆ. 'ಹಂಚು ನಕ್ಕಿತು. ಹಿಪ್ಪರಗಿ ಕಾಕಾ ಬಂದರು.' 'ಆಯಿಗೆ ಬಿಕ್ಕಳಿಕೆ. ದೊಡ್ಡಮ್ಮನ ಪತ್ರ ಬಂತು.' ನನ್ನ ಡೈರಿಯ ಚಟ ಶುರುವಾದದ್ದು ಹೀಗೆ. ಆ ವಹಿ ಈಗಲೂ ನನ್ನಲ್ಲಿದೆ. ಈಚೆಗೆ ಎಣಿಸಿ ನೋಡಿದರೆ ಅದರಲ್ಲಿ ಹಂಚು ನಕ್ಕೂ ಯಾರೂ ಬಾರದ ಒಂದು ದಿನವೂ ಇಲ್ಲ. ಅಂಥ ದಿನಗಳು ಇರಲಿಲ್ಲವೆಂದಲ್ಲ. ಅವನ್ನು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎರಡು ರೊಟ್ಟಿ ಉಳಿದು ಸಂಜೆ ಎಮ್ಮೆಯ ಬಾನಿಗೆ ಹೋದ ದಿನ ಬರೆಯುವಂಥದ್ದು ಏನಿತ್ತು?

ಆ ವರ್ಷ ನಮ್ಮ ಮನೆಯಲ್ಲಿ ಕಾಯುವ ಕೆಲಸವೊಂದು ನಡೆದಿತ್ತು. ಅಪ್ಪನ ತಂಗಿ ಕಸ್ತೂರಿ ಅತ್ತಿ ಚೊಚ್ಚಲ ಬಾಣಂತನಕ್ಕೆಂದು ಬಂದವಳು ಮರಳಿ ಮುದ್ದೇಬಿಹಾಳದ ಗಂಡನ ಮನೆಗೆ ಹೋಗಿರಲಿಲ್ಲ. ಕೂಸಿಗೆ ಒಂಬತ್ತು ತಿಂಗಳಾಗಿತ್ತು. ತೊಟ್ಟಿಲಿಗೆ ಹಾಕುವ ದಿನ ಹೆಸರಿನ ಮೇಲೆ ಜಗಳವಾಗಿತ್ತು. ಆಯಿ ಒಂದು ಹೆಸರು ಹಿಡಿದಳು, ಅತ್ತಿಯ ಅತ್ತೆ ಇನ್ನೊಂದು. ಮುದ್ದೇಬಿಹಾಳದವರು ಹಾಕಿದ ಎಲೆಯ ಮುಂದಿನಿಂದ ಎದ್ದುಹೋದರು. ನಮ್ಮಲ್ಲಿ ಬಾಣಂತಿ ತಾನಾಗಿ ಗಂಡನ ಮನೆಗೆ ಹೋಗುವುದಿಲ್ಲ. ಆ ಮನೆಯ ಹಿರಿಯ ಹೆಂಗಸು ಉಡಿ ತುಂಬುವ ಸಾಮಾನು ತಂದು ಕರೆಯಬೇಕು. ಅವರು ಕರೆಯಲು ಬರಲೊಲ್ಲರು, ಊಟ ಬಿಟ್ಟು ಎದ್ದ ಮನೆಗೆ ಹೇಗೆ ಬರುವುದು? ಇವರು ಕರೆಯದೆ ಕಳಿಸಲೊಲ್ಲರು. ಹೀಗೆ ಎರಡು ಊರಲ್ಲಿ ಇಬ್ಬರು ಮುದುಕಿಯರು ಕೂತಿದ್ದರು. ಕೂಸಿಗೆ ಎರಡು ಹೆಸರು ಉಳಿದವು. ಅತ್ತಿ ಎರಡನ್ನೂ ಬಿಟ್ಟು ಗುಂಡ್ಯಾ ಎಂದು ಕರೆಯುತ್ತಿದ್ದಳು.

ಅತ್ತಿ ಅಂಗಳದಲ್ಲಿ ಗೋಣಿತಟ್ಟಿನ ಮೇಲೆ ಲಿಂಬೆಕಾಯಿ ಆರಿಸುತ್ತಿದ್ದಳು. ಹಣ್ಣಾದವು ಒಂದು ಕಡೆ, ಕಾಯಿ ಇನ್ನೊಂದು ಕಡೆ, ಚುಕ್ಕೆ ಬಿದ್ದವು ಉಪ್ಪಿನಕಾಯಿಗೆ. ಆಕೆಯ ಸೆರಗಿನಲ್ಲಿ ಯಾವಾಗಲೂ ಲಿಂಬೆಯ ವಾಸನೆ. ಶಾಲೆಯಿಂದ ಬಂದ ಮೇಲೆ ನಾನು ಜೊತೆಗೆ ಕೂರುತ್ತಿದ್ದೆ. ಆಗಲೇ ಒಂದು ದಿನ ಹತ್ತಿರದ ಝಳಕಿಯ ಅಂಗನವಾಡಿಯಲ್ಲಿ ಒಂದು ಜಾಗ ಖಾಲಿಯಾಗಿದೆ, ಹತ್ತನೇ ಇಯತ್ತೆ ಪಾಸಾದ ಹೆಣ್ಣುಮಗಳು ಬೇಕಾಗಿದ್ದಾಳೆ ಎಂಬ ಸುದ್ದಿ ಅಪ್ಪನ ಕಚೇರಿಯಿಂದ ಬಂತು. ಅತ್ತಿ ಪಾಸಾಗಿದ್ದಳು. ಅರ್ಜಿ ಹಾಕುತ್ತೇನೆಂದು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಹೇಳಿದಳು. ಆಯಿ ತುತ್ತು ಕೆಳಗಿಟ್ಟಳು.

"ಗಂಡ ಇದ್ದಾಕಿ ತವರಾಗ ನಿಂತು ನೌಕರಿ ಮಾಡಿದ್ರ ಜನ ಏನಂತಾರ? ಬಿಟ್ಟಾನ ಅಂತಾರ."

"ಈಗೇನ್ ಅನ್ನಾಕತ್ತಾರ, ಯವ್ವಾ?"

ಆದರೆ ಅರ್ಜಿಗೆ ಅಂಕಪಟ್ಟಿ ಬೇಕಿತ್ತು, ಅದು ಮುದ್ದೇಬಿಹಾಳದಲ್ಲಿ ಅತ್ತಿಯ ಟ್ರಂಕಿನ ತಳದಲ್ಲಿತ್ತು. ಅಲ್ಲಿಗೆ ಮಾತು ನಿಂತಿತು. ಅತ್ತಿ ಮತ್ತೆ ಆ ವಿಷಯ ಎತ್ತಲಿಲ್ಲ. ಹದಿನೈದು ದಿನದ ಮೇಲೆ, ಕೂಸಿಗೆ ಹರಕೆ ಹೊತ್ತಿದ್ದೇನೆ, ಸೋಮವಾರ ಬಸವನ ಬಾಗೇವಾಡಿಗೆ ಹೋಗಿ ಬಸವಣ್ಣನ ದರ್ಶನ ಮಾಡಿಸಿಕೊಂಡು ಬರುತ್ತೇನೆ ಎಂದಳು. ದೇವರ ಕೆಲಸಕ್ಕೆ ಆಯಿ ಅಡ್ಡ ಬರುವವಳಲ್ಲ. ಒಬ್ಬಳೇ ಹೋಗಬಾರದೆಂದು ನನ್ನನ್ನು ಜೊತೆಗೆ ಕಳಿಸಿದಳು.

ನಾವು ಹತ್ತಿದ್ದು ಮುದ್ದೇಬಿಹಾಳದಿಂದ ಸಂಜೆ ಬಂದು ರಾತ್ರಿ ಇಂಡಿಯಲ್ಲೇ ತಂಗಿ ಬೆಳಿಗ್ಗೆ ಮರಳುವ ವಸ್ತಿ ಬಸ್ಸು. ಕಂಡಕ್ಟರ್ ರಜಾಕಸಾಬರು ನಮ್ಮ ಮನೆಗೆ ಗೊತ್ತಿದ್ದವರು. ಅತ್ತಿಗೆ ಮುಂದಿನ ಸೀಟು ಬಿಡಿಸಿಕೊಟ್ಟರು.

"ಕೂಸಿಗೆ ಟಿಕೆಟ್ ತಗೀಬೇಕೇನ್ರೀ ಅಣ್ಣಾ?" ಎಂದಳು ಅತ್ತಿ.

"ಮೀಸಿ ಬರ್ಲಿ ತಡೀರಿ ತಂಗಿ, ಆಮ್ಯಾಲ ಬಡ್ಡಿ ಹಚ್ಚಿ ತಗೋತೇನಿ."

ದೇವರ ಹಿಪ್ಪರಗಿಯಲ್ಲಿ ಸಂತೆಯ ಜನ ಹತ್ತಿದರು, ಬಸ್ಸು ತುಂಬಿತು. ಇಷ್ಟರವರೆಗೆ ನನ್ನ ವಹಿಗೂ ನೆನಪಿಗೂ ತಕರಾರಿಲ್ಲ. ಮುಂದಿನದರಲ್ಲಿ ಇದೆ. ವಹಿಯಲ್ಲಿ ಹೀಗಿದೆ: 'ಬಾಗೇವಾಡಿಯಲ್ಲಿ ನಾವು ಇಳಿದ ಕೂಡಲೇ ಮುದ್ದೇಬಿಹಾಳದ ಬಸ್ಸಿನಿಂದ ಮಾವ ಇಳಿದರು! ಇಬ್ಬರಿಗೂ ಗೊತ್ತೇ ಇರಲಿಲ್ಲ!' ಮಾವ ಎಂದರೆ ಅತ್ತಿಯ ಗಂಡ ಮಲ್ಲಣ್ಣ, ಬಾವಿಯ ಪಂಪಿನ ಮೋಟಾರು ಸುಟ್ಟರೆ ತಂತಿ ಸುತ್ತಿಕೊಡುವ ಕೆಲಸದವರು. ನೆನಪಿನಲ್ಲಿ ಮಾತ್ರ 'ಇಳಿದ ಕೂಡಲೇ' ಇಲ್ಲ. ಅಲ್ಲಿ ಒಂದು ಕಲ್ಲಿನ ಕಟ್ಟೆ ಇದೆ, ಅತ್ತಿ ಗುಡಿಗೆ ಹೋಗದೆ ಅದರ ಮೇಲೆ ಕೂತಿದ್ದಾಳೆ, ನಾನು ಒಂದು ಪೊಟ್ಟಣ ಹುರಿದ ಶೇಂಗಾ ಪೂರ್ತಿ ತಿಂದು ಸಿಪ್ಪೆಯನ್ನು ಕಾಲಲ್ಲಿ ಸಾಲಾಗಿ ಜೋಡಿಸುತ್ತಿದ್ದೇನೆ. ಆಮೇಲೆ ಮಾವ ಬರುತ್ತಾರೆ. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ ಚಪ್ಪಟೆ ಪೊಟ್ಟಣವೊಂದನ್ನು ಅತ್ತಿಯ ಕೈಗೆ ಕೊಡುತ್ತಾರೆ. ವಹಿಯಲ್ಲಿ ಕಟ್ಟೆಯೂ ಇಲ್ಲ, ಪೊಟ್ಟಣವೂ ಇಲ್ಲ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು, ಅದನ್ನೇ ಕಲಿಸಿ ನಿವೃತ್ತಳಾದವಳು. ಘಟನೆ ನಡೆದ ವಾರದಲ್ಲೇ ಬರೆದ ಸಾಲು ಒಂದು ಕಡೆ, ಮುಂದೆ ಹತ್ತಾರು ಸಲ ತಿರುವಿಹಾಕಿದ ನೆನಪು ಇನ್ನೊಂದು ಕಡೆ ಇದ್ದರೆ ಯಾವುದನ್ನು ನಂಬಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದೆ. ಹಾಗಾಗಿ ಕಟ್ಟೆ ಮತ್ತು ಪೊಟ್ಟಣ ನನ್ನ ಮನಸ್ಸು ಆಮೇಲೆ ಸೇರಿಸಿದ್ದು ಎಂದು ತೀರ್ಮಾನಿಸಿ ಬಹಳ ವರ್ಷ ಕಳೆದೆ.

ಅವರು ಮಾತಾಡಿದ್ದು ಸ್ವಲ್ಪವೇ ನನಗೆ ಕೇಳಿತು. ಮಾವ ಕೂಸನ್ನು ಎತ್ತಿಕೊಳ್ಳಲು ಬಾರದೆ ಮೋಟಾರು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

"ಏನಂತ ಕರೀತಿ?"

"ಗುಂಡ್ಯಾ ಅಂತೇನಿ."

"ಖರೇನ? ನಾನೂ ಮನಸ್ಸಿನ್ಯಾಗ ಅದ ಅಂತಿದ್ದೆ."

ಇದನ್ನು ನಾನು ವಹಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೇನೆ. ನಮ್ಮ ಕಡೆ ದುಂಡಗಿರುವ ಪ್ರತಿಯೊಂದು ಕೂಸೂ ಗುಂಡ್ಯಾನೇ ಎಂಬುದು ಆಗ ಹೊಳೆಯಲಿಲ್ಲ. ಮಾವ ಮುಂದಿನ ಬಸ್ಸಿಗೆ ಮರಳಿದರು. ನಾವು ಗುಡಿಗೆ ಹೋಗಿ ಕಾಯಿ ಒಡೆಸಿದೆವು. ಹೊರಗೆ ಬಂದ ಮೇಲೆ ಅತ್ತಿ ನನ್ನ ಗದ್ದ ಹಿಡಿದಳು.

"ಸುಮೀ, ಮಾವ ಸಿಕ್ಕಿದ್ದು ಮನ್ಯಾಗ ಯಾರ ಮುಂದೂ ಅನಬ್ಯಾಡ. ಗುಂಡ್ಯಾನ ಮ್ಯಾಲ ಕೈಯಿಟ್ಟು ಹೇಳು."

ನಾನು ಗುಂಡ್ಯಾನ ತಲೆಯ ಮೇಲೆ ಕೈಯಿಟ್ಟು ಹೇಳಿದೆ. ಎರಡು ದಿನ ಮಾತು ಉಳಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ಹಂಚು ನಕ್ಕಿತು, ಯಾರೂ ಬರಲಿಲ್ಲ. ಅದಕ್ಕೆ ಹಿಂದಿನ ದಿನವೂ ಬಂದಿರಲಿಲ್ಲ. ಅಪ್ಪ ಊಟಕ್ಕೆ ಕೂತು, ಉಳಿದ ರೊಟ್ಟಿಗಳ ಮೇಲೆ ಮುಚ್ಚಿದ್ದ ಅರಿವೆ ಎತ್ತಿ ನೋಡಿದ.

"ಇದಕ್ಕ ನಗೂ ರೋಗ ಹತ್ತೇತಿ, ಯವ್ವಾ. ನಾಳೆ ದವಾಖಾನಿಗೆ ಒಯ್ಯೂಣು."

ಆಯಿ ಅರಿವೆಯನ್ನು ಮತ್ತೆ ಮುಚ್ಚಿ ಒಲೆಯ ಕಡೆ ಮುಖ ಮಾಡಿ ಕೂತಳು. ಆಕೆ ಕಾಯುತ್ತಿದ್ದದ್ದು ಕಚೇರಿಗೆ ಬರುವ ನೆಂಟರನ್ನಲ್ಲ, ಮುದ್ದೇಬಿಹಾಳದವರನ್ನು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಆಡಿದ ಮೇಲೆ ಅವನ ಮುಖ ಸಣ್ಣದಾಯಿತು. ಆಗಲೇ ನಾನು ಹೇಳಿಬಿಟ್ಟೆ. ಆಯಿಯ ಮೇಲಿನ ಪ್ರೀತಿಗೆ ಹೇಳಿದೆ ಎಂದು ಬಹಳ ದಿನ ನಂಬಿದ್ದೆ. ನನ್ನ ವಹಿಯ ಅತಿ ದೊಡ್ಡ ಸಾಲು ಯಾರಿಗೂ ಕಾಣದೆ ಬಿದ್ದಿರುವುದು ನನಗೆ ಸಹಿಸದಾಗಿತ್ತು ಎಂಬುದೂ ಅಷ್ಟೇ ನಿಜವಿರಬಹುದು.

"ಹಂಚು ಸುಳ್ಳಲ್ಲ ಆಯಿ. ಬಾಗೇವಾಡ್ಯಾಗ ನಾವು ಇಳ್ಯಾಕೂ ಮಾವ ಇಳ್ಯಾಕೂ ಒಂದ ಆತು. ಯಾರಿಗೂ ಗೊತ್ತಿದ್ದಿಲ್ಲ. ಬಸವಣ್ಣನ ಊರಾಗ!"

ಆಯಿ ತಿರುಗಿದಳು. ಅಂಗಳದ ಬಾಗಿಲಲ್ಲಿ ಅತ್ತಿ ಮೊರ ಹಿಡಿದು ನಿಂತಿದ್ದಳು.

"ಹೌದೇನ ಕಸ್ತೂರಿ?"

ಅತ್ತಿ ನನ್ನನ್ನು ನೋಡಲಿಲ್ಲ. ಮೊರದಲ್ಲಿದ್ದ ಲಿಂಬೆಕಾಯಿಗಳನ್ನು ನೋಡುತ್ತಿದ್ದಳು. "ಹೌದು" ಎಂದಳು.

"ಮತ್ತ ಹೇಳಾಕ ಏನಾಗಿತ್ತು ನಿನಗ?"

ಅತ್ತಿ ಒಂದು ಲಿಂಬೆಕಾಯಿ ಎತ್ತಿ ಮತ್ತೆ ಮೊರದಲ್ಲೇ ಇಟ್ಟಳು. ದೈವದ ಮುಂದೆ ಮಾತು ಹೊರಡದೆ ನಿಂತಿದ್ದಾಳೆ ಎಂದುಕೊಂಡೆ. 'ಅತ್ತಿಗೆ ಮಾತೇ ಬರಲಿಲ್ಲ' ಎಂದು ಆ ಸಂಜೆ ಬರೆದೆ.

ಮುಂದಿನದು ಬಹಳ ಬೇಗ ನಡೆಯಿತು. ಆಯಿ ಅಪ್ಪನನ್ನು ಮುದ್ದೇಬಿಹಾಳಕ್ಕೆ ಅಟ್ಟಿದಳು. ಒಂಬತ್ತು ತಿಂಗಳು ಬಗ್ಗದವಳು ಒಂದು ಮಧ್ಯಾಹ್ನದಲ್ಲಿ ಬಗ್ಗಿದ್ದಳು, ಆದರೆ ಬೀಗಿತ್ತಿಗೆ ಅಲ್ಲ. ಅಲ್ಲಿ ಅತ್ತಿಯ ಅತ್ತೆ ಸುದ್ದಿ ಕೇಳಿ ಕೈ ಮುಗಿದು, ಬಸವಣ್ಣನೇ ಗಂಡ ಹೆಂಡತಿಯನ್ನು ಎದುರಾಬದುರು ತಂದು ನಿಲ್ಲಿಸಿರುವಾಗ ನನ್ನದೇನು ಹಟ ಎಂದಳಂತೆ. ನಾಲ್ಕನೆಯ ದಿನ ಉಡಿ ತುಂಬುವ ಸೀರೆ, ಕೊಬ್ಬರಿ, ಅಕ್ಕಿ ಹಿಡಿದು ನಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಯಾರೂ ಯಾರಿಗೂ ಸೋಲಲಿಲ್ಲ, ಇಬ್ಬರೂ ದೇವರಿಗೆ ಸೋತರು. ಇಂಥ ಕೂಡಿಬರುವಿಕೆಗಳು ಮನುಷ್ಯರಿಗೆ ಯಾಕೆ ಬೇಕಾಗುತ್ತವೆ ಎಂದು ಮುಂದೆ ನಾನು ಯೋಚಿಸಿದಾಗಲೆಲ್ಲ ಆ ಪಡಸಾಲೆ ನೆನಪಾಗುತ್ತದೆ. ಕೂಸಿನ ಹೆಸರಿನ ಜಗಳವೂ ಅಲ್ಲೇ ಮುಗಿಯಿತು. ಬಸವರಾಜ ಎಂದು ಇಟ್ಟರು. ಅತ್ತಿಯನ್ನು ಯಾರೂ ಏನೂ ಕೇಳಲಿಲ್ಲ. ಝಳಕಿಯ ಜಾಗಕ್ಕೆ ಅರ್ಜಿ ಹಾಕಲು ಇನ್ನೂ ಆರು ದಿನ ಇತ್ತೆಂದು ಅವ್ವನಿಗೆ ನೆನಪಿತ್ತು, ಅವ್ವ ಅದನ್ನು ನನಗೆ ಹೇಳಿದ್ದು ಮಾತ್ರ ಎಷ್ಟೋ ವರ್ಷಗಳ ಮೇಲೆ.

ಹೊರಡುವಾಗ ಅತ್ತಿ ಅತ್ತಳು. ಹೆಣ್ಣುಮಕ್ಕಳು ಹೊರಡುವಾಗ ಅಳುತ್ತಾರೆ, ಆದ್ದರಿಂದ ಅದರಿಂದಲೂ ಯಾರಿಗೂ ಏನೂ ತಿಳಿಯಲಿಲ್ಲ.

ಮುದ್ದೇಬಿಹಾಳದಲ್ಲಿ ಅತ್ತಿ ಇನ್ನಿಬ್ಬರು ಮಕ್ಕಳನ್ನು ಹಡೆದಳು, ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡಳು, ಹೊಲಿಗೆ ಕಲಿತಳು. ನೌಕರಿಯ ಮಾತು ಮತ್ತೆ ಬರಲಿಲ್ಲ. ಮಾವ ಎರಡು ವರ್ಷದ ಹಿಂದೆ ತೀರಿಕೊಂಡರು. ಹೋದ ಬೇಸಿಗೆಯಲ್ಲಿ ನಾನು ಅಲ್ಲಿ ಎರಡು ದಿನ ಇದ್ದೆ. ಅತ್ತಿ ಮಾಳಿಗೆಯ ಮೇಲೆ ಹಾಸಿದ ಸೀರೆಯಲ್ಲಿ ಶಾವಿಗೆ ಒಣಹಾಕಿ ಬಂದು ಫ್ಯಾನಿನ ಕೆಳಗೆ ಕೂತಿದ್ದಳು. ನಮ್ಮ ಮನೆಯ ಹಳೆಯ ದಿನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆಂದು ಹೇಳಿ, ವಹಿಯ ಆ ಪುಟವನ್ನು ಓದಿ ತೋರಿಸಿದೆ. 'ಇಬ್ಬರಿಗೂ ಗೊತ್ತೇ ಇರಲಿಲ್ಲ' ಎಂಬಲ್ಲಿಗೆ ಬಂದಾಗ ಆಕೆ ನಕ್ಕಳು. ಬಹಳ ಹೊತ್ತು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತಿಲ್ಲದ ಏನ್ ಹುಡುಗಿ? ರಜಾಕಸಾಬರ ಕೈಯಾಗ ನಾನ ಹೇಳಿ ಕಳಿಸಿದ್ದೆ. ಸೋಮವಾರ ಬಾಗೇವಾಡಿಗೆ ಬರ್ರಿ, ಬರೂ ಮುಂದ ಟ್ರಂಕಿನ್ಯಾಗಿನ ಮಾರ್ಕ್ಸ್ ಕಾರ್ಡ್ ತರ್ರಿ ಅಂತ. ತಾಸಗಟ್ಲೆ ಆ ಕಟ್ಟಿ ಮ್ಯಾಲ ಕುಂತಿದ್ದು ನೆನಪಿಲ್ಲೇನ ನಿನಗ? ನಾ ಬಸ್ ಬರೂ ದಾರಿ ನೋಡಾಕತ್ತಿದ್ದೆ. ನೀ ನೋಡಿದ್ರ ಶೇಂಗಾ ತಿನ್ನಾಕತ್ತಿದ್ದಿ."

ಕಟ್ಟೆ ಇತ್ತು. ಪೊಟ್ಟಣ ಇತ್ತು. ಕಣ್ಣಾರೆ ಕಂಡದ್ದನ್ನು ಹನ್ನೊಂದು ವರ್ಷದ ಹುಡುಗಿ ಬರೆಯುವಾಗ ಕೈಬಿಟ್ಟಿದ್ದಳು, ಅವೆರಡೂ ಇದ್ದರೆ ಅದು ತಾನಾಗಿ ಕೂಡಿಬಂದದ್ದು ಆಗುತ್ತಿರಲಿಲ್ಲ. ಅರವತ್ತರ ಪ್ರಾಧ್ಯಾಪಕಿ ಆ ಬರಹವನ್ನೇ ಸಾಕ್ಷಿಯೆಂದು ಹಿಡಿದಿದ್ದಳು. ನಾನು ಏನು ಕೇಳಬೇಕೆಂದು ತಿಳಿಯದೆ, ಬಾಗೇವಾಡಿಯಲ್ಲಿ ಮಾವ ಏನೆಂದರು ಎಂದು ಕೇಳಿದೆ.

"ಝಳಕ್ಯಾಗ ಒಂದು ಖೋಲಿ ಹಿಡೀತೇನಿ ಅಂದ್ರು. ಹೈವೇ ಮ್ಯಾಲಿನ ಊರು, ಮೋಟಾರ್ ಕೆಲಸ ಬೇಕಾದಷ್ಟು ಐತಿ. ನೀ ಅಂಗನವಾಡಿಗೆ ಹೋಗು, ನಾ ಅಂಗಡಿ ಹಾಕ್ತೇನಿ. ಇವರೂ ಬ್ಯಾಡ, ಅವರೂ ಬ್ಯಾಡ, ನಾವಿಬ್ರು ಗುಂಡ್ಯಾ ಮೂರ ಮಂದಿ ಅಂದ್ರು. ನೌಕರಿ ಆಗೂ ತನಕ ಯಾರಿಗೂ ಗೊತ್ತಾಗಬಾರ್ದು ಅಂತ ಮಾತಾಗಿತ್ತು."

"ಹಂಗಾದ್ರ ಅವತ್ತು ಆಯಿ ಮುಂದ ಯಾಕ ಹೇಳಲಿಲ್ಲ ಅತ್ತಿ? ಇದು ದೇವರು ಮಾಡಿದ್ದಲ್ಲ, ನಾನ ಕರಸಿದ್ದೆ ಅಂತ?"

"ಹೆಂಗ ಹೇಳ್ತಿ? ತವರಾಗಿನ ಹೆಣಮಗಳು ಕಂಡಕ್ಟರನ ಕೈಯಾಗ ಹೇಳಿ ಕಳಿಸಿ ಬಸ್‌ಸ್ಟ್ಯಾಂಡಿನ್ಯಾಗ ಗಂಡನ್ನ ಭೆಟ್ಟಿ ಆಗ್ಯಾಳ ಅಂದ್ರ? ದೇವರ ಹೆಸರಿಲೆ ಸುಳ್ಳು ಹೇಳಿ ಹೋಗ್ಯಾಳ ಅಂದ್ರ? ನಮ್ಮವ್ವ ಒಲ್ಯಾಗ ಹಾಕತಿದ್ಲು. ಅವರವ್ವ ಅವರನ್ನ ಹೊರಗ ಹಾಕತಿದ್ಲು. ನೀನ ದೇವರನ್ನ ತಂದು ನಡುವ ಕೂಡಿಸಿ ಬಿಟ್ಟಿದ್ದಿ. ಹೂಂ ಅಂದೆ."

ಫ್ಯಾನು ತಿರುಗುತ್ತಿತ್ತು. ಕರೆಂಟು ಹೋಗಿ ಅದು ನಿಲ್ಲಬಾರದೇ ಎನಿಸಿತು, ಹಾಗೇನೂ ಆಗಲಿಲ್ಲ. ನನ್ನ ವಯಸ್ಸಿನವರಿಗೆ ಇಂಥ ಹೊತ್ತಿನಲ್ಲಿ ಸಮಾಧಾನದ ಮಾತೊಂದು ಸಿಗುತ್ತದೆ ಎಂಬ ನಿರೀಕ್ಷೆ ಇರುತ್ತದೆ. ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು, ನೀನು ಚಿಕ್ಕವಳಿದ್ದೆ, ಹೀಗೆ ಏನಾದರೂ. ಅದಕ್ಕಾಗಿಯೇ ಕೇಳಿದೆ ಎಂದು ಈಗ ಅನಿಸುತ್ತದೆ.

"ಹಂಗಾದ್ರ ಕೆಡಿಸಿದಾಕಿ ನಾನ ಅಲ್ಲಾ?"

"ಹೌದು, ನೀನ" ಎಂದಳು ಅತ್ತಿ. ದನಿಯಲ್ಲಿ ಸಿಟ್ಟಿರಲಿಲ್ಲ, ಮೆತ್ತಗೆ ಮಾಡುವ ಪ್ರಯತ್ನವೂ ಇರಲಿಲ್ಲ. "ಒಂದು ವರ್ಷ ನಿನ್ನ ಮ್ಯಾಲ ಭಾಳ ಸಿಟ್ಟಿತ್ತು. ಆಮ್ಯಾಲ ಕೆಲಸ ಹೆಚ್ಚಾತು, ಮರತೆ."

ಎದ್ದು ಮಾಳಿಗೆಯ ಮೆಟ್ಟಿಲಿನ ಕಡೆ ಹೊರಟಳು, ಶಾವಿಗೆ ತಿರುವಿಹಾಕುವ ಹೊತ್ತಾಗಿತ್ತು. ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತು, ನನ್ನ ತೊಡೆಯ ಮೇಲೆ ತೆರೆದಿದ್ದ ವಹಿಯನ್ನು ನೋಡಿದಳು.

"ಪುಸ್ತಕದಾಗ ಬರಿಯಾಕಿ ಇದ್ರ ಆ ಸಾಲು ಹೊಡದು ಹಾಕು. ಬಸವಣ್ಣಗ ಅವತ್ತು ಏನೂ ಗೊತ್ತಿದ್ದಿಲ್ಲ. ಇಡೀ ಎರಡು ಊರಾಗ ಯಾರೂ ಯಾರನ್ನೂ ಕರಿಯಾಕ ತಯಾರಿದ್ದಿಲ್ಲ ನೋಡು, ಆಗ ನಾ ಕರದಿದ್ದೆ. ಒಂದ ಮಾತಿಗೆ ಅವರು ಬಂದಿದ್ರು. ಅಷ್ಟ ಬರಿ."